ಅಷ್ಟಮಿ, ಚತುರ್ದಶಿಯ ಹಸಿರು

ಗಾಜಿನ ಮೇಲೆ ಸತುವಿನ ಆಕ್ಸೈಡಿನ ಪದರ ಕೂಡಿಸುವುದು ನೋಡಲು ದೊಡ್ಡ ಕೆಲಸವಲ್ಲ. ವಿದ್ಯುತ್ ಹರಿಯುವಂತೆ ಮೊದಲೇ ಲೇಪ ಮಾಡಿದ ಗಾಜಿನ ತುಂಡು, ಎದುರಿಗೆ ಒಂದು ಸತುವಿನ ಪಟ್ಟಿ, ಎರಡನ್ನೂ ಇಳಿಬಿಡಲು ಸತುವಿನ ನೈಟ್ರೇಟ್ ಕರಗಿಸಿದ ಬಿಸಿನೀರು. ಸಣ್ಣ ಕರೆಂಟು ಹಾಯಿಸಿ ಕಾಯುತ್ತ ಕೂಡಬೇಕು. ಹೊರಗೆ ತೆಗೆದಾಗ ಗಾಜು ಮೊದಲಿದ್ದ ಹಾಗೇ ಇರುತ್ತದೆ. ಓರೆಯಾಗಿ ಹಿಡಿದರೆ ಮಾತ್ರ, ನೀರಿನ ಮೇಲೆ ಎಣ್ಣೆ ಬಿದ್ದಂಥ ಬಣ್ಣ ಹರಿದಾಡುತ್ತದೆ. ತೊಂಬತ್ತರ ದಶಕದ ನಡುವಿನ ಒಂದು ವರ್ಷ ನಾನು ಮಾಡಿದ್ದು ಇಷ್ಟೇ. ಬೇರೇನು ಮಾಡಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಆ ವರ್ಷದ ನೆನಪುಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅವು ಬಹಳ ನೀಟಾಗಿ ಬರುತ್ತವೆ. ಉದಾಹರಣೆಗೆ, ನನ್ನ ಗಂಡ ನಿಪ್ಪಾಣಿಯ ಹತ್ತಿರ ಹೆದ್ದಾರಿಯಲ್ಲಿ ಸತ್ತ ದಿನ ನನ್ನ ನೆನಪಿನಲ್ಲಿ ಮಳೆ ಸುರಿಯುತ್ತಿದೆ. ಮಳೆ ಇರಲಿಲ್ಲ, ಬಿರುಬಿಸಿಲಿತ್ತು ಎಂದು ಮೈದುನ ಹೇಳುತ್ತಾನೆ. ಮಳೆಯನ್ನು ನಾನು ಎಲ್ಲಿಂದ ತಂದೆ? ಯಾರದೋ ಸಾವಿನಿಂದ ಎರವಲು ತಂದಿರಬೇಕು. ಆದ್ದರಿಂದ ಇಲ್ಲಿ ಮಳೆ ಇಲ್ಲ. ಅವನು ನೂಲು ತರಲು ಮೋಟಾರ್ ಸೈಕಲ್ ಮೇಲೆ ಹೋದ, ಒಂದು ಲಾರಿ ಬಂತು. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಬೋರಗಾಂವದ ಆ ಮನೆಯಲ್ಲಿ ಕೆಳಗೆ ಪವರ್‌ಲೂಮುಗಳು, ಮೇಲೆ ನಾವು. ಮೇಲಿನ ಹಿಂದಿನ ಕೋಣೆಯಲ್ಲಿ ಮೊದಲು ನೂಲಿನ ಗಂಟುಗಳನ್ನು ಇಡುತ್ತಿದ್ದರು. ಅವನು ಹೋದ ಮೇಲೆ ನಾನು ಅಲ್ಲೊಂದು ಮೇಜು ಹಾಕಿಕೊಂಡೆ. ನಿಪ್ಪಾಣಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ, ಕಾಯಂ ಆಗಿರಲಿಲ್ಲ. ಗಡಿಯಾಚೆಯ ವಿಶ್ವವಿದ್ಯಾಲಯದಲ್ಲಿ ಒಬ್ಬ ಪ್ರೊಫೆಸರ್ ಕೈಕೆಳಗೆ ಪಿಎಚ್‌ಡಿಗೆ ಹೆಸರು ಹಚ್ಚಿದ್ದೆ. ಕಾಲೇಜಿನ ಪ್ರಯೋಗಶಾಲೆಗೆ ಐದಕ್ಕೆ ಬೀಗ ಬೀಳುತ್ತಿತ್ತು. ಹಾಗಾಗಿ ಈ ಕೋಣೆ. ಅಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಬಂದ ಹೆಂಗಸರು ಅತ್ತೆಯ ಹತ್ತಿರ ಕೂತು ಅತ್ತು ಹೋಗುತ್ತಿದ್ದರು. "ಆಕಿ ಮ್ಯಾಲ ಕೆಲಸ ಮಾಡಾಕತ್ಯಾಳ" ಎಂದು ಅತ್ತೆ ಹೇಳುವುದು ಮೆಟ್ಟಿಲಿನಿಂದ ಕೇಳಿಸುತ್ತಿತ್ತು. ಆ ಕೋಣೆ ಕೈತಪ್ಪಬಾರದು ಎಂಬುದೊಂದನ್ನು ಬಿಟ್ಟರೆ ನನಗೆ ಆಗ ಬೇಕಾದದ್ದು ಏನೂ ಇರಲಿಲ್ಲ.

ಅದು ಕೈತಪ್ಪುವ ದಾರಿಯೂ ತಯಾರಾಗಿತ್ತು. ನನ್ನ ಅಣ್ಣ ಐನಾಪುರದಿಂದ ಬಂದು, ಅತ್ತೆಯ ಎದುರಿಗೇ ಹೇಳಿದ್ದ.

"ಹೆಂಗೂ ಕಾಯಂ ಇಲ್ಲ. ಆ ಪ್ರೊಫೆಸರ್ ಈ ಮಳಿಗಾಲಕ್ಕ ರಿಟೈರ್ ಆಗತಾನ. ಅದರೊಳಗ ನಿಂದ ಮುಗಿಲಿಲ್ಲಂದ್ರ ಹೊಸಬ ಯಾವನರೆ ಯಾಕ ತಗೊತಾನ ನಿನ್ನ? ಚಾತುರ್ಮಾಸ ಕೂಡೂದ್ರಾಗ ಆತು ಅಂದ್ರ ಆತು. ಇಲ್ಲಂದ್ರ ಟೆಂಪೋ ತರತೀನಿ, ನಮ್ಮೂರ ಹೆಣ್ಣಮಕ್ಕಳ ಸಾಲ್ಯಾಗ ನಿನ್ನ ನೌಕರಿಗೆ ಹೇಳಿಟ್ಟೀನಿ."

"ಹೂಂ" ಎಂದೆ. ಆ ವರ್ಷ ನಾನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದೆ. ಅತ್ತೆ ಎದ್ದು ದನಗಳಿಗೆ ನೀರು ಕುಡಿಸಲು ಹೋದರು.

ಪ್ರೊಫೆಸರಿಗೆ ಬೇಕಾದದ್ದು ಎರಡು. ಒಂದು, ಈ ಪದರವನ್ನು ಬಣ್ಣದ ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ನೀರು ತಿಳಿಯಾಗಬೇಕು. ಪದರ ಬಿಸಿಲನ್ನು ನುಂಗಿ, ಬಣ್ಣವನ್ನು ಒಡೆಯುತ್ತದೆ. ತಾನು ಮಾತ್ರ ಖರ್ಚಾಗುವುದಿಲ್ಲ. ಇದು ನನಗೆ ಸಾಧ್ಯವಾಗಿತ್ತು. ನಮ್ಮ ಮಗ್ಗದ ನೂಲಿಗೆ ಹಾಕುವ ನೀಲಿಯನ್ನೇ ನೀರಿಗೆ ಬೆರೆಸಿ ಮಾಳಿಗೆಯ ಮೇಲಿಟ್ಟರೆ ಸಂಜೆಯ ಹೊತ್ತಿಗೆ ಬಣ್ಣ ಇಳಿದಿರುತ್ತಿತ್ತು. ಎರಡನೆಯದು, ಅದೇ ಪದರ ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನ ಕೆಳಗೆ ತಾನೇ ಹಸಿರಾಗಿ ಬೆಳಗಬೇಕು. ಅದೂ ಒಮ್ಮೆ ಬೆಳಗಿದರೆ ಸಾಲದು, ಅದೇ ರೀತಿಯಲ್ಲಿ ಮಾಡಿದ ಇನ್ನೊಂದು ಗಾಜೂ ಅಷ್ಟೇ ಬೆಳಗಬೇಕು.

ಮಗ್ಗಗಳು ನಡೆಯುವಾಗ ಮನೆಯ ನೆಲ ನಡುಗುತ್ತಿತ್ತು. ಪಾತ್ರೆಯ ನೀರಿನಲ್ಲಿ ಸಣ್ಣ ಅಲೆ ಏಳುತ್ತಿತ್ತು, ಪದರ ಪಟ್ಟಿ ಪಟ್ಟಿಯಾಗಿ ಕೂಡುತ್ತಿತ್ತು. ಹಾಗಾಗಿ ನನ್ನ ಕೆಲಸ ಸಂತೆಯ ದಿನ, ಮಗ್ಗ ನಿಂತಾಗ. ಊರಿನ ಕರೆಂಟನ್ನು ನಂಬುವಂತಿರಲಿಲ್ಲ. ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿಸಿ ಮೇಲೆ ತರಿಸುತ್ತಿದ್ದೆ.

"ವೈನಿ, ಇವತ್ತರೆ ಬಿಡ್ರಿ ನಮ್ಮ ಬ್ಯಾಟರಿ" ಎಂದು ಮೈದುನ ಕೆಳಗಿನಿಂದ ಕೂಗುತ್ತಿದ್ದ. "ಸಂತಿಗೆ ಹೋಗೂದೈತಿ, ಊರ ಮಂದಿ ಎಲ್ಲಾ ಟ್ರ್ಯಾಕ್ಟರ್ ದೂಡಾಕತ್ಯಾರ."

"ಮಧ್ಯಾಹ್ನದ ತನಕಾ."

"ಮೊನ್ನೇನೂ ಮಧ್ಯಾಹ್ನದ ತನಕಾ ಅಂದಿದ್ರಿ. ಯಾವ ಮಧ್ಯಾಹ್ನ ಅಂತ ಹೇಳಿರಲಿಲ್ಲ."

ನೇರಳಾತೀತ ದೀಪ ತಂದುಕೊಟ್ಟವನೂ ಅವನೇ. ಮದುವೆಗಳಲ್ಲಿ ಹಾಡುವ ನಿಪ್ಪಾಣಿಯ ಆರ್ಕೆಸ್ಟ್ರಾದವರ ಹತ್ತಿರ ಒಂದು ಕಪ್ಪು ಟ್ಯೂಬಿತ್ತು. ಅದನ್ನು ಹಚ್ಚಿದರೆ ಕುಣಿಯುವವರ ಬಿಳಿ ಅಂಗಿ ಮತ್ತು ಹಲ್ಲು ಮಾತ್ರ ಕಾಣುತ್ತಿದ್ದವು. ಅದನ್ನೇ ಕೇಳಿ ತಂದ. ಕಿಟಕಿಗೆ ಕಂಬಳಿ ಹೊದಿಸಿ, ನಡುಹಗಲಿನಲ್ಲಿ ಕೋಣೆ ಕತ್ತಲೆ ಮಾಡಿ, ಟ್ಯೂಬಿನ ಕೆಳಗೆ ಗಾಜು ಇಡುತ್ತಿದ್ದೆ.

ಮೊದಲ ಗಾಜು ಬೆಳಗಲಿಲ್ಲ. ಅದರ ಮುಂದಿನವೂ ಬೆಳಗಲಿಲ್ಲ. ಆಮೇಲೆ ಒಂದು ಬೆಳಗಿತು. ಆ ಹಸಿರನ್ನು ಯಾವುದಕ್ಕೆ ಹೋಲಿಸಲಿ ಎಂದು ಬಹಳ ಸಲ ಯೋಚಿಸಿದ್ದೇನೆ. ಎಳೆ ಜೋಳದ ಗರಿ ಎಂದು ಬರೆದಿದ್ದೆ, ತೆಗೆದೆ. ಜೋಳದ ಗರಿ ಬೆಳಕನ್ನು ಕೊಡುವುದಿಲ್ಲ. ಅದು ಗಾಜಿನೊಳಗಿಂದ ಬಂದ ಹಸಿರು, ಅಷ್ಟೇ. ಮೈದುನ ಬಾಗಿಲಲ್ಲಿ ನಿಂತಿದ್ದ, ಅವನ ಹಲ್ಲು ನೀಲಿಯಾಗಿ ಹೊಳೆಯುತ್ತಿದ್ದವು.

"ಆತೇನ್ರಿ?" ಎಂದ.

"ಆತು" ಎಂದೆ. ಎದೆ ಹೊಡೆದುಕೊಂಡಿತು ಎಂದು ಬರೆಯಬೇಕು ಅನಿಸುತ್ತದೆ. ಹೊಡೆದುಕೊಳ್ಳಲಿಲ್ಲ. ಬ್ಯಾಟರಿಯ ತಂತಿ ಬಿಚ್ಚಿ ಅವನ ಕೈಗೆ ಕೊಟ್ಟೆ.

ಮುಂದಿನ ಸಂತೆಯ ದಿನ ಅದೇ ತೂಕ, ಅದೇ ಬಿಸಿ, ಅದೇ ಕರೆಂಟು. ಗಾಜು ಸತ್ತಂತೆ ಬಿದ್ದಿತ್ತು. ಅದರ ಮುಂದಿನದೂ ಹಾಗೆಯೇ. ಮತ್ತೆ ಕೆಲವು ವಾರ ಬಿಟ್ಟು ಒಂದು ಬೆಳಗಿತು, ಮೊದಲಿನದಕ್ಕಿಂತ ಚೆನ್ನಾಗಿ. ಆಮೇಲೆ ಮತ್ತೆ ಇಲ್ಲ. ಸತುವಿನ ಪಟ್ಟಿ ಬದಲಿಸಿದೆ. ಗಾಜನ್ನು ಸೋಪಿನಲ್ಲಿ ತೊಳೆದೆ, ಆಸಿಡ್‌ನಲ್ಲಿ ತೊಳೆದೆ. ಪದರವನ್ನು ಹಳೆಯ ಕಬ್ಬಿಣದ ಹಂಚಿನ ಮೇಲೆ ಕಾಯಿಸಿ ನೋಡಿದೆ, ಕಾಯಿಸದೆ ನೋಡಿದೆ. ನೀರನ್ನು ಮಾತ್ರ ಅನುಮಾನಿಸಲಿಲ್ಲ. ನೀರು ಕಾಲೇಜಿನಲ್ಲಿ ನಾನೇ ಭಟ್ಟಿ ಇಳಿಸಿ, ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಅದರಲ್ಲಿ ನೀರಿನ ಹೊರತು ಏನೂ ಇರಲಿಲ್ಲ. ಆ ಕೆಲಸದಲ್ಲಿ ನನಗೆ ಗಟ್ಟಿಯಾಗಿ ಗೊತ್ತಿದ್ದದ್ದು ಅದೊಂದೇ.

ಬೆಳಗಿದ ಒಂದನ್ನೂ ಬೆಳಗದ ಒಂದನ್ನೂ ಹತ್ತಿಯಲ್ಲಿ ಸುತ್ತಿಕೊಂಡು ಗಡಿಯಾಚೆ ಹೋದೆ. ಪ್ರೊಫೆಸರ್ ತಮ್ಮ ದೀಪದ ಕೆಳಗೆ ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಅವರು ಮರಾಠಿ ಮಾತಾಡುತ್ತಿದ್ದರು, ನಾನು ಕನ್ನಡ ಬೆರೆಸಿದ ಮರಾಠಿ. "ಪುನ್ಹಾ ಕರಾ" ಎಂದರು, ಮತ್ತೆ ಮಾಡಿ ಎಂದು. ಆಮೇಲೆ ನನಗಾಗಿ ತಮ್ಮ ಹರುಕು ಕನ್ನಡಕ್ಕೆ ಬಂದರು.

"ಬಾಯಿಯವರೇ, ಒಂದು ಸಲ ಬಂದದ್ದು ದೇವರ ಕೆಲಸ. ನನಗೆ ನಿಮ್ಮ ಕೆಲಸ ಬೇಕು. ನಾನು ಹೋಗುವ ಮುಂಚೆ ಎರಡು ಗಾಜು ಒಂದೇ ಥರ ತನ್ನಿ. ನಾನು ಸಹಿ ಹಾಕಿ ಹೋಗತೇನೆ."

"ತರದಿದ್ರ?"

"ತರದಿದ್ದರೆ ಸಹಿ ಇಲ್ಲ. ಚಹಾ ಕುಡಿಯಿರಿ."

ಮರಳುವಾಗ ಬಸ್ಸಿನಲ್ಲಿ ಅಣ್ಣನ ಟೆಂಪೋದ ಬಗ್ಗೆ ಯೋಚಿಸಿದೆ. ಐನಾಪುರದ ಮನೆಯಲ್ಲಿ ನನಗಾಗಿ ತೆರವು ಮಾಡಿದ ಕೋಣೆ ನನಗೆ ಗೊತ್ತಿತ್ತು. ಅದರ ಬಾಗಿಲು ಪಡಸಾಲೆಗೆ ತೆರೆಯುತ್ತದೆ. ಬಂದವರೆಲ್ಲ ಮೊದಲು ಅಲ್ಲಿ ಇಣುಕುತ್ತಾರೆ. ಹೆದರಿಕೆ ಆಯಿತೇ? ಜೋಮು ಹಿಡಿದ ಕಾಲಿಗೆ ಯಾರೋ ಚಿವುಟಿದರೆ ಆಗುವಷ್ಟು ಆಯಿತು.

ಗಾಜು ಬೆಳಗುವ ಕಾರಣ ತಿಳಿದದ್ದು ಒಂದು ಚತುರ್ದಶಿಯ ದಿನ. ತಿಥಿ ನೆನಪಿರುವುದು ಅತ್ತೆಗೆ ಉಪವಾಸ ಇದ್ದದ್ದರಿಂದ. ಕಾಲೇಜಿನಲ್ಲಿ ಹುಡುಗರ ಮುಷ್ಕರ, ಮಧ್ಯಾಹ್ನಕ್ಕೇ ಮನೆಗೆ ಬಂದೆ. ಹಿತ್ತಲಿನಲ್ಲಿ ಬಾವಿಯ ಕಟ್ಟೆಯ ಹತ್ತಿರ ಅತ್ತೆ ಕುಕ್ಕರಗಾಲಲ್ಲಿ ಕೂತಿದ್ದರು. ಮುಂದೆ ತಾಮ್ರದ ತಪ್ಪೇಲಿ, ಅದರ ಬಾಯಿಗೆ ಎರಡು ಮಡಿಕೆಯ ದಪ್ಪ ಬಟ್ಟೆ. ಕೈಯಲ್ಲಿ ನನ್ನ ಪ್ಲಾಸ್ಟಿಕ್ ಕ್ಯಾನು. ಭಟ್ಟಿ ಇಳಿಸಿದ ನೀರನ್ನು ಬಟ್ಟೆಯ ಮೇಲೆ ಸಣ್ಣಗೆ ಸುರಿಯುತ್ತಿದ್ದರು.

ನಮ್ಮ ಜೈನರ ಮನೆಗಳಲ್ಲಿ ಸೋಸದ ನೀರನ್ನು ಬಳಸುವುದಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ, ಬಟ್ಟೆಯ ಮೇಲೆ ಉಳಿದವನ್ನು ತಿರುಗಿ ಅದೇ ಬಾವಿಯಲ್ಲಿ ಮೆತ್ತಗೆ ಬಿಡಬೇಕು. ಸೋಸಿದ ನೀರೂ ಸ್ವಲ್ಪ ಹೊತ್ತಿಗೆ ಹಳತಾಗುತ್ತದೆ, ಮತ್ತೆ ಸೋಸಬೇಕು. ಕಾಯಿಸಿದರೆ ಒಂದು ದಿನ ತಡೆಯುತ್ತದೆ. ನಾನು ಹುಟ್ಟಿದಾಗಿನಿಂದ ನೋಡಿದ್ದೇ ಇದು. ಅದಕ್ಕೇ ಇರಬೇಕು, ನನ್ನ ಕ್ಯಾನಿಗೂ ಇದು ನಡೆಯಬಹುದು ಎಂದು ಹೊಳೆಯಲಿಲ್ಲ.

"ಅತ್ತೀ, ಏನ ಮಾಡಾಕತ್ತೀರಿ?"

"ಕಾಣಂಗಿಲ್ಲೇನ? ನೀರ ಸೋಸಾಕತ್ತೀನಿ."

"ಅದು ಆವಿ ಮಾಡಿ ಹಿಡದಿದ್ದ ನೀರ್ರಿ. ಅದರಾಗ ಏನೂ ಇರೂದಿಲ್ಲ."

"ಏನೂ ಇಲ್ಲಂದಮ್ಯಾಲ ಸೋಸಿದ್ರ ಏನ ಲುಕ್ಸಾನ?"

ಅವರೇ ಮುಂದುವರಿಸಿದರು. "ಎಂಟೆಂಟ ದಿನಾ ಡಬ್ಬಿ ಮುಚ್ಚಿ ಇಡತಿ. ಆಮ್ಯಾಲ ಅದಕ್ಕ ಬ್ಯಾಟರಿ ಹಚ್ಚತಿ, ಒಲಿ ಮ್ಯಾಲ ಇಡತಿ. ಜೀವ ಅದಾವೋ ಇಲ್ಲೋ, ಕರೆಂಟ ಹಚ್ಚಿ ಕೊಲ್ಲೂ ಪಾಪ ಈ ಮನ್ಯಾಗ ಬ್ಯಾಡ. ದಿನಾ ಮಾಡಾಕ ನನ್ನ ಕೈಲೆ ಆಗಂಗಿಲ್ಲ ಬಾಳಾ, ಮೆಟ್ಟಲಾ ಹತ್ತಿದ್ರ ಮೊಣಕಾಲ ಹಿಡಿತಾವು. ಅಷ್ಟಮಿ ಚತುರ್ದಶಿಗರೆ ತಪ್ಪಸಬಾರದು ಅಂತ ಮಾಡತೀನಿ."

"ಕಾಯಸತೀರೇನು?"

"ಕಾಯಸದs ಹೆಂಗ? ಇದರಾಗs ಕಾಯಿಸಿ, ಆರಾಕ ಇಟ್ಟು, ಮರುದಿನಾ ನೀ ಕಾಲೇಜಿಗೆ ಹೋದಮ್ಯಾಲ ತುಂಬಿ ಇಡತೀನಿ."

ಇದರಲ್ಲಿ ಎಂದರೆ ತಾಮ್ರದ ತಪ್ಪೇಲಿಯಲ್ಲಿ, ಹುಣಸೆಹಣ್ಣು ಹಾಕಿ ಮಿರಮಿರ ತಿಕ್ಕಿದ್ದರಲ್ಲಿ. ಭಟ್ಟಿ ಇಳಿಸಿದ ನೀರು ಹಸಿದ ನೀರು. ತಾಮ್ರದಲ್ಲಿ ಒಂದು ರಾತ್ರಿ ನಿಂತರೆ ಎಷ್ಟೋ ಕಣಗಳನ್ನು ಕಿತ್ತುಕೊಂಡಿರುತ್ತದೆ. ಸತುವಿನ ಆಕ್ಸೈಡು ಹಸಿರಾಗಿ ಬೆಳಗುವುದು ಅದರಲ್ಲಿ ಸೇರಿದ ತಾಮ್ರದಿಂದ ಎಂದು ಕೆಲವರು ಬರೆದಿದ್ದರು. ಅಲ್ಲ, ಪದರದಲ್ಲಿ ಆಮ್ಲಜನಕ ಇರಬೇಕಾದ ಜಾಗ ಖಾಲಿ ಉಳಿದಾಗ ಬೆಳಗುತ್ತದೆ ಎಂದು ಇನ್ನು ಕೆಲವರು. ಎರಡನ್ನೂ ಓದಿದ್ದೆ.

ಇಲ್ಲಿ ಸಿಟ್ಟು ಬರಬೇಕು. ಮೊದಲ ಸಲ ಬರೆದಾಗ ನಾನು ಕೂಗಾಡಿದೆ ಎಂದೇ ಬರೆದಿದ್ದೆ. ಓದಿದ ಮೇಲೆ ಅದು ನನ್ನ ಧ್ವನಿ ಅಲ್ಲ ಅನಿಸಿತು. ನೆನಪಿನ ಇನ್ನೊಂದು ರೂಪದಲ್ಲಿ ಆ ಸೋಸುವ ಬಟ್ಟೆ ನನ್ನ ಗಂಡನ ಪಂಜೆಯಿಂದ ಕತ್ತರಿಸಿದ್ದು. ಅದಕ್ಕೂ ಸಾಕ್ಷಿಯಿಲ್ಲ. ಸೋಸಲು ಉಟ್ಟ ಬಟ್ಟೆ ನಡೆಯುವುದಿಲ್ಲ, ಹೊಸತೇ ಬೇಕು. ಕೆಳಗಿನ ಮಗ್ಗದಲ್ಲಿ ನೇಯ್ದ ತಾನಿನ ತುಂಡೇ ಆಗಿರಬೇಕು. ನನಗೆ ಗೊತ್ತಿರುವುದು ಇಷ್ಟು: ನಾನು ಕಟ್ಟೆಯ ಮೇಲೆ ಕೂತೆ, ಅತ್ತೆ ಕ್ಯಾನು ಖಾಲಿ ಮಾಡಿದರು, ಬಟ್ಟೆಯನ್ನು ಬಾವಿಗೆ ಇಳಿಸಿ ಜಾಲಿಸಿದರು. ನೀರಿನಲ್ಲಿ ಇಲ್ಲದ ಜೀವಗಳನ್ನು ಅವರು ಬಹಳ ಜೋಪಾನವಾಗಿ ಬಿಟ್ಟರು.

"ಹಂಗ್ಯಾಕ ನೋಡತಿ? ನಿನ್ನ ಸಾಮಾನ ಕೆಡತೇನ?"

"ಇಲ್ರಿ. ಕೆಡಲಿಲ್ಲ. ಬೆಳಕು ಬಂದದ್ದs ಇದರಿಂದ ಇರಬೇಕು."

ಅತ್ತೆ ನನ್ನನ್ನೇ ನೋಡಿದರು. "ನೀರ ಸೋಸಬೇಕು ಅಂತ ನಿಮ್ಮ ಯುನಿವರ್ಸಿಟ್ಯಾಗ ಯಾರೂ ಹೇಳಲಿಲ್ಲೇನ? ಇಷ್ಟ ಓದಿ?"

ಆ ನೀರಿನಿಂದ ಮಾಡಿದ ಗಾಜು ಬೆಳಗಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಷ್ಟಮಿಗೆ ಮತ್ತೆ ಹೀಗೇ ಕಾಯಿಸಿದ ನೀರಿನ ಗಾಜು ಮೊದಲಿನಷ್ಟು ಬೆಳಗಲಿಲ್ಲ. ಎಷ್ಟು ಹೊತ್ತು ಕಾಯಿಸಿದಿರಿ ಎಂದು ಅತ್ತೆಯನ್ನು ಕೇಳಿದೆ. "ಕುದಿಯೂತನಕಾ" ಎಂದರು. ತಪ್ಪೇಲಿ ಯಾವಾಗ ತಿಕ್ಕಿದ್ದು? "ಹೊಲಸ ಕಂಡಾಗ." ಪ್ರತಿ ಸಲ ಒಂದೇ ಹೊತ್ತು ಕಾಯಿಸಿ, ಒಂದೇ ಹೊತ್ತು ಆರಲು ಬಿಡಿ ಎಂದೆ. ಅವರಿಗೆ ಅದು ಇಷ್ಟವಾಗಲಿಲ್ಲ. ಅದು ನನ್ನ ಪ್ರಯೋಗಕ್ಕಾಗಿ ಮಾಡುವ ಕೆಲಸವಾಗಿರಲಿಲ್ಲ. "ನಾ ಜೀವಕ್ಕ ಮಾಡತೀನಿ, ನಿನ್ನ ಗಡಿಯಾರಕ್ಕ ಮಾಡಂಗಿಲ್ಲ" ಎಂದು ಕ್ಯಾನನ್ನು ಅಲ್ಲೇ ಬಿಟ್ಟು ಎದ್ದರು. ಅಂದಿನಿಂದ ಅವರು ಅದನ್ನು ಮುಟ್ಟಲಿಲ್ಲ.

ಹಾಗಾಗಿ ನಾನು ಬೇರೆ ದಾರಿ ಹಿಡಿದೆ. ಕಾಲೇಜಿನ ಕಪಾಟಿನಲ್ಲಿದ್ದ ಮೈಲುತುತ್ತವನ್ನು, ಅಂದರೆ ನೀಲಿ ತಾಮ್ರದ ಲವಣವನ್ನು, ಚಿಟಿಕೆಯ ಚಿಟಿಕೆಯಷ್ಟು ತೂಗಿ, ಬಹಳ ನೀರಿನಲ್ಲಿ ಕರಗಿಸಿ, ಅದರ ಹನಿಗಳನ್ನು ಅಳೆದು ಶುದ್ಧ ನೀರಿಗೆ ಹಾಕಿದೆ. ಹೆಚ್ಚಾದರೆ ಪದರ ಕಂದಾಗಿ ಮುಗ್ಗಿದ ಹಿಟ್ಟಿನ ಹಾಗೆ ಕಾಣುತ್ತಿತ್ತು. ಕಡಿಮೆಯಾದರೆ ಏನೂ ಇಲ್ಲ. ಬೇಸಿಗೆ ಹೀಗೇ ಹೋಯಿತು. ಸಂತೆಯ ದಿನ ಬರುತ್ತಿತ್ತು, ಮೈದುನ ಬ್ಯಾಟರಿಗಾಗಿ ಕೂಗುತ್ತಿದ್ದ, ಕಿಟಕಿಗೆ ಕಂಬಳಿ ಬೀಳುತ್ತಿತ್ತು. ಅತ್ತೆಯ ಜೊತೆ ಊಟ, ನಿದ್ದೆ, ಬಸ್ಸು ಎಲ್ಲ ಮೊದಲಿನಂತೆ. ಕ್ಯಾನಿನ ಮಾತು ನಾವಿಬ್ಬರೂ ಎತ್ತಲಿಲ್ಲ.

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಎರಡು ಗಾಜು ಒಂದೇ ಥರ ಬಂದವು. ಈ ಮಳೆ ನಿಜವಾದದ್ದು. ಬಸ್ಸಿನ ಛಾವಣಿ ಸೋರಿ ನನ್ನ ಸೀರೆ ತೊಯ್ದಿತ್ತು, ಗಾಜುಗಳನ್ನು ಊಟದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಅತ್ತೆಯ ನೀರಿನಿಂದ ಬಂದ ಗಾಜನ್ನೂ ಒಯ್ದಿದ್ದೆ. ಪ್ರೊಫೆಸರ್ ಮೂರನ್ನೂ ದೀಪದ ಕೆಳಗಿಟ್ಟರು. ನನ್ನ ಎರಡು ಮಂಕಾಗಿ, ಸಮವಾಗಿ ಬೆಳಗಿದವು. ಮೂರನೆಯದು ಅವೆರಡನ್ನೂ ನುಂಗಿಹಾಕುವಷ್ಟು ಬೆಳಗಿತು.

"ಇದು?" ಎಂದರು.

ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಬಹುದು ಎಂದುಕೊಂಡಿದ್ದೆ, ನಗಲಿಲ್ಲ. ಇದರಲ್ಲಿ ತಾಮ್ರವೊಂದೇ ಇದೆಯೋ, ಬಟ್ಟೆಯಿಂದ ಇನ್ನೇನಾದರೂ ಬಂದಿದೆಯೋ, ಖಾಲಿ ಜಾಗಗಳೇ ಹೆಚ್ಚಿವೆಯೋ ಯಾರು ಹೇಳಬೇಕು ಎಂದರು. ಮೂರನೆಯದನ್ನು ಹತ್ತಿಯಲ್ಲಿ ಸುತ್ತಿ ನನಗೆ ಮರಳಿ ಕೊಟ್ಟರು.

"ಮಂಕಾದದ್ದನ್ನು ಬರೆಯಿರಿ" ಎಂದು ಸಹಿ ಹಾಕಿದರು.

ಬರೆದೆ. ಪ್ರಬಂಧದಲ್ಲಿ ಮಂಕಾದದ್ದೇ ಇದೆ. ಅದು ನಿಜ, ಯಾರು ಮಾಡಿದರೂ ಬರುತ್ತದೆ.

ಸಹಿ ಆದ ಸುದ್ದಿಯನ್ನು ನಾನು ಐನಾಪುರಕ್ಕೆ ತಿಳಿಸಿರಲಿಲ್ಲ. ಏಕೆ ತಿಳಿಸಲಿಲ್ಲ ಎಂಬುದಕ್ಕೆ ಈಗ ಒಳ್ಳೆಯ ಕಾರಣಗಳು ಹೊಳೆಯುತ್ತವೆ. ಆಗ ಯಾವುದೂ ಇರಲಿಲ್ಲ. ಚಾತುರ್ಮಾಸಕ್ಕೆ ಮೊದಲು, ಹೇಳಿದ ಮಾತಿನಂತೆ, ಒಂದು ಇಳಿಹೊತ್ತು ಅಣ್ಣ ಟೆಂಪೋ ತೆಗೆದುಕೊಂಡು ಬಂದ. ಸಾಮಾನು ಕಟ್ಟಲು ಹಗ್ಗವನ್ನೂ ತಂದಿದ್ದ.

"ಟ್ರಂಕ ಎಲ್ಲೈತಿ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆ ಮಾತಾಡಿದರು. "ಟ್ರಂಕ ಮ್ಯಾಲ ಐತಿ, ಅಲ್ಲೇ ಇರತೈತಿ. ಮೊದಲ ಕೈಕಾಲ ತೊಳಕೊಂಡ ಊಟಕ್ಕ ಕೂಡಪಾ. ಹೊತ್ತ ಮುಳಗಾಕ ಬಂತು."

"ಹಂಗಲ್ರಿ ಆಯಿ, ಮಾತ ಆಗಿತ್ತಲ್ಲ?"

"ನೀ ಮಾತಾಡಿದ್ದಿ. ನಾ ಆವತ್ತ ದನಕ್ಕ ನೀರ ಕುಡಸಾಕ ಹೋಗಿದ್ನಿ."

ಅಣ್ಣ ನನ್ನ ಕಡೆ ತಿರುಗಿದ. "ತಂಗೀ, ನೀ ಹೇಳ. ಬರತಿಯೋ ಇಲ್ಲೋ?"

ಆ ವರ್ಷವೆಲ್ಲ ಹೇಳಿದ್ದ ಹೂಂ ಬಾಯಿಗೆ ಬಂದಿತ್ತು. "ಇಲ್ಲಣ್ಣಾ" ಎಂದೆ. "ಸಹಿ ಆತು. ಬರಿಯೂದೈತಿ, ಇಲ್ಲೇ ಬರಿತೀನಿ."

ಏನು ಮಾಡಿದೆ ತೋರಿಸು ಎಂದ. ಮೇಲಿನಿಂದ ಗಾಜು ತಂದುಕೊಟ್ಟೆ, ಅತ್ತೆಯ ನೀರಿನದನ್ನೇ. ಅವನು ಅದನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಅದರಾಚೆಗೆ ತನ್ನ ಟೆಂಪೋ ನೋಡಿದ.

"ಏನೂ ಇಲ್ಲಲ್ಲ ಇದರಾಗ?"

"ಹಗಲಿ ಕಾಣೂದಿಲ್ಲ."

"ಭಾಳ ಚಲೋ ಆತು" ಎಂದ. "ಇದರ ಸಲುವಾಗಿ ಟ್ರ್ಯಾಕ್ಟರ್ ದೂಡಿದ್ರೇನು ನೀವೆಲ್ಲಾ?"

ಮೈದುನ ನಕ್ಕ. ಅಣ್ಣ ನಗಲಿಲ್ಲ, ಆದರೆ ಊಟಕ್ಕೆ ಕೂತ. ನಾನು ಬಡಿಸಿದೆ. ಅವನ ಜೊತೆ ಬಂದ ಡ್ರೈವರಿಗೂ ಬಡಿಸಿದೆ. ಟೆಂಪೋ ಖಾಲಿ ಹೋಗುವುದು ಬೇಡ ಎಂದು ಮೈದುನ ಏಕಸಂಬಿಯ ವ್ಯಾಪಾರಿಗೆ ಕೊಡಬೇಕಾದ ಬಟ್ಟೆಯ ಗಂಟುಗಳನ್ನು ಅದರಲ್ಲಿ ಹೇರಿಸಿದ. ನನ್ನ ಟ್ರಂಕಿಗೆಂದು ತಂದ ಹಗ್ಗದಿಂದ ಗಂಟುಗಳನ್ನು ಕಟ್ಟಿದರು. ಅಣ್ಣ ಮುಂದೆ ಕೂತು, ಕಿಟಕಿಯಿಂದ ಕೈ ಹೊರಗೆ ಹಾಕಿ, "ದೀಪಾವಳಿಗರೆ ಬಾ" ಎಂದ. ಟೆಂಪೋ ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದೆ.

ಒಳಗೆ ಬಂದೆ. ಸೂರ್ಯ ಮುಳುಗಿದ್ದ, ಇನ್ನು ಬೆಳಗಾಗುವ ತನಕ ನಮ್ಮಲ್ಲಿ ಯಾರೂ ಉಣ್ಣುವಂತಿಲ್ಲ. ಅತ್ತೆ ಒಲೆ ಆರಿಸಿ ಪಾತ್ರೆಗಳನ್ನು ಬೋರಲು ಹಾಕಿದ್ದರು. ಆಗ ನನಗೆ ಹಸಿವೆಯಾಯಿತು. ಎಲ್ಲರಿಗೂ ಬಡಿಸಿ ನಾನು ಉಂಡಿರಲಿಲ್ಲ. ಬಹಳ ತಿಂಗಳಿನಿಂದ ಹೊತ್ತಿಗೆ ಕೂತು ಏಳುತ್ತಿದ್ದೆ, ಹಸಿವೆ ಎಂಬುದು ಇರಲಿಲ್ಲ. ಈಗ ಹೊಟ್ಟೆ ಹಿಂಡುವಷ್ಟು ಇತ್ತು, ಬಾಯಲ್ಲಿ ನೀರು ಬಂತು.

"ಅತ್ತೀ, ನಾ ಉಂಡಿಲ್ರಿ" ಎಂದೆ.

"ಅಯ್ಯs, ಹೊತ್ತ ಮುಳಗೇತಲ್ಲ ಬಾಳಾ" ಎಂದರು. "ಮುಂಜಾನೆ ಬಿಸಿಲ ಬಿದ್ದಕೂಡ್ಲೆ ರೊಟ್ಟಿ ಬಡದ ಕೊಡತೀನಿ."

ಬೆಳಗಾಗುವುದನ್ನು ಕಾಯುತ್ತ ಮಲಗಿದೆ.